ಒಬ್ಬನಿಗೆ ಒಂದೇ ಪುಟ

ಒಂದೇ ವಸ್ತುವಿಗೆ ಎರಡು ಜಾಗ ಇದ್ದರೆ ನನಗೆ ಮೈ ಉರಿಯುತ್ತದೆ. ಹುಟ್ಟುಗುಣ. ಸಕ್ಕರೆಗೆ ಎರಡು ಡಬ್ಬಿ ಇಟ್ಟಿದ್ದಕ್ಕೆ ಅಮ್ಮನ ಜೊತೆ ವಾರ ಮಾತು ಬಿಟ್ಟವನು ನಾನು. ಹಾಗಾಗಿ ಕೈರೋದ ಹೆಡ್ಡಾಫೀಸಿನಲ್ಲಿ ಈ ಕೆಲಸ ನನಗೆ ಬಂದಾಗ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನುವ ಹಾಗಾಯಿತು.

ನಮ್ಮದು ಗೋಧಿಯ ವ್ಯವಹಾರ. ಯಜಮಾನ ಒಬ್ಬ, ಕಂಪನಿ ಐದು. ಸೂಯೆಜ್ ಬಂದರಿನಲ್ಲಿ ಹಡಗಿನಿಂದ ಇಳಿಸುವುದು ಒಂದು, ಸಾಗಿಸುವುದು ಒಂದು, ದಕ್ಷಿಣದ ಮೇಲುನಾಡಿನ ಸೊಹಾಗ್‌ನಲ್ಲಿ ಹಿಟ್ಟಿನ ಗಿರಣಿ ಒಂದು, ಹೀಗೆ. ತಮ್ಮ ಜೊತೆ ವ್ಯವಹಾರ ಮಾಡುವವರ ಹೆಸರಿಗೆ ಐದಕ್ಕೂ ಬೇರೆ ಬೇರೆ ಪಟ್ಟಿಗಳಿದ್ದವು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅವನ್ನೆಲ್ಲ ಕೂಡಿಸಿ ಒಂದು ಮಾಸ್ಟರ್ ಪಟ್ಟಿ ಮಾಡುವ ಹೊಣೆ ನನ್ನ ತಲೆಗೆ ಬಂತು. ಒಬ್ಬ ಮನುಷ್ಯನಿಗೆ ಒಂದೇ ಪುಟ. ಆ ಪುಟ ಐದೂ ಕಂಪನಿಯ ಪರದೆಯ ಮೇಲೆ ಒಂದೇ ಥರ ಕಾಣಬೇಕು. ತಿದ್ದುವ ಅಧಿಕಾರ ಮಾತ್ರ ನನ್ನದು, ಬೇರೆ ಯಾರೂ ಕೈ ಹಾಕುವಂತಿಲ್ಲ. ಆರು ತಿಂಗಳಲ್ಲಿ ನಲವತ್ತೊಂದು ಸಾವಿರ ಹೆಸರುಗಳನ್ನು ಹದಿನೇಳು ಸಾವಿರಕ್ಕೆ ಇಳಿಸಿದೆ. ನನಗೆ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಸೂಯೆಜ್ ಪಟ್ಟಿಯಲ್ಲಿ ಒಬ್ಬನು ಮಾತ್ರ ಗಂಟಲಿನ ಮುಳ್ಳಾಗಿ ಉಳಿದಿದ್ದ. ಹೆಸರು ಶಹಾತ. ಲಾರಿ ಮಾಲೀಕ. ಹದಿನಾಲ್ಕು ಅಂಕಿಯ ಗುರುತಿನ ನಂಬರಿನ ಜಾಗದಲ್ಲಿ ಹದಿನಾಲ್ಕು ಸೊನ್ನೆಗಳು. ವಿಳಾಸ ನಮ್ಮದೇ ಸೂಯೆಜ್ ಆಫೀಸಿನದ್ದು, ಫೋನು ಅಲ್ಲಿನ ಹಿರಿಯ ಗುಮಾಸ್ತ ಹಾಜಿ ಬಖೀತ್‌ನದ್ದು. ಬಖೀತ್ ಮೇಲುನಾಡಿನವನು. ನಲವತ್ತು ವರ್ಷ ಸೂಯೆಜ್‌ನಲ್ಲಿದ್ದರೂ ಅವನ ನಾಲಿಗೆ ಸೊಹಾಗ್ ಬಿಟ್ಟು ಬಂದಿರಲಿಲ್ಲ. ನಾನು ಅವನಿಗೆ ಫೋನು ಹಚ್ಚಿದೆ.

"ಹಾಜಿ, ಈ ಶಹಾತ ಯಾರು? ನಂಬರಿನ ಜಾಗದಲ್ಲಿ ಬರೀ ಸೊನ್ನೆ ಇದೆಯಲ್ಲ?"

"ಲಾರಿ ಐತಿ, ಗೋಧಿ ಹೊರತಾನ. ಹನ್ನೊಂದು ವರ್ಷದಾಗ ಒಂದ್ ಚೀಲ ಕಮ್ಮಿ ಬಿದ್ದಿಲ್ಲ. ಸಾಕಲ್ಲ?"

"ವಿಳಾಸ ಆಫೀಸಿಂದು, ಫೋನು ನಿಮ್ದು. ಈ ಮನುಷ್ಯ ಇದ್ದಾನೋ, ಇಲ್ಲಾ ನೀವೇ ಹುಟ್ಸಿದ್ದೋ?"

"ಅದಾನಪಾ. ಇರಲಿ ಅಂತನ ಹಂಗ ಬರದೀನಿ. ಆ ಜಾಗ ಖಾಲಿ ಬಿಡ್ರಿ ಇಂಜಿನಿಯರ್ ಸಾಹೇಬ್ರ."

"ಖಾಲಿ ಬಿಟ್ರೆ ಸಾಫ್ಟ್‌ವೇರ್ ಒಪ್ಪಲ್ಲ."

"ಒಪ್ಪದಿದ್ರ ಒಪ್ಪಿಸ್ರಿ. ಅದೇನು ನಿಮ್ಮ ಅತ್ತಿಮನಿ ಬೀಗರೇನು, ಸಿಟ್ಟಾಗಿ ಹೊಂಟು ಹೋಗಾಕ?"

ಅಷ್ಟು ಹೇಳಿ ಫೋನು ಇಟ್ಟ. ಕಾರಣ ಹೇಳಲಿಲ್ಲ. ಮೇಲುನಾಡಿನವರು ಇನ್ನೊಬ್ಬನ ರಕ್ತದ ವಿಷಯ ಬಾಯಿಬಿಟ್ಟು ಹೇಳುವುದಿಲ್ಲ, ಅದರಲ್ಲೂ ಫೋನಿನಲ್ಲಿ. ಇದು ನನಗೆ ತಿಳಿದಿರಲಿಲ್ಲ. ತಿಳಿಯದೆ ನಾನು ಮಾಡಿಕೊಂಡ ಅರ್ಥವೇ ಬೇರೆ. ಇಲ್ಲದ ಲಾರಿ ಮಾಲೀಕನನ್ನು ಹುಟ್ಟುಹಾಕಿ ಮುದುಕ ನುಂಗುತ್ತಿದ್ದಾನೆ, ಕಾಗದದ ಮೇಲೊಂದು ಭೂತ ಸಾಕಿಕೊಂಡಿದ್ದಾನೆ ಅಂದುಕೊಂಡೆ. ಹಿಡಿದೇ ತೀರುತ್ತೇನೆ ಎಂದು ಹಟ ಹಿಡಿದೆ.

ಹಿಡಿಯುವುದು ಕಷ್ಟವಾಗಲಿಲ್ಲ. ಬಂದರಿನ ಗೇಟಿನಲ್ಲಿ ಪ್ರತಿ ಲಾರಿಯ ಲೈಸೆನ್ಸಿನ ಪ್ರತಿ ತೆಗೆದಿಡುತ್ತಾರೆ. ಅದನ್ನು ತರಿಸಿಕೊಂಡೆ. ಗುರುತಿನ ನಂಬರು ಇತ್ತು, ಮನೆಯ ವಿಳಾಸವೂ ಇತ್ತು: ಸೂಯೆಜ್, ಫೈಸಲ್ ಬಡಾವಣೆ, ಒಂಬತ್ತನೇ ಕಟ್ಟಡ, ಮೂರನೇ ಮಹಡಿ. ಭಾನುವಾರ ಬೆಳಿಗ್ಗೆ ನಂಬರನ್ನು ತುಂಬಿದ ಕೂಡಲೇ ಪರದೆಯ ಮೇಲೆ ಕೆಂಪು ಗೆರೆ ಬಂತು. ಇದೇ ನಂಬರಿನ ಮನುಷ್ಯ ಸೊಹಾಗ್ ಗಿರಣಿಯ ಹಳೆಯ ಪಟ್ಟಿಯಲ್ಲಿ ಮೊದಲೇ ಇದ್ದ. ಶಹಾತ ನೌವಾರ, ಲಾರಿ ಮಾಲೀಕ, ಪುಟ ಮುಚ್ಚಿ ಹನ್ನೊಂದು ವರ್ಷ.

ಅಂದರೆ ಭೂತವಲ್ಲ, ನಿಜವಾದ ಮನುಷ್ಯ. ಒಬ್ಬನೇ ಮನುಷ್ಯ ಎರಡು ಪುಟದಲ್ಲಿ ಕೂತಿದ್ದ. ಯಾಕೆ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ನಾನು ಎರಡನ್ನೂ ಕೂಡಿಸಿ ಒಂದು ಮಾಡಿದೆ, ಹೊಸ ವಿಳಾಸ ಹಾಕಿದೆ, ಒಪ್ಪಿಗೆ ಒತ್ತಿದೆ. ಐದೂ ಕಂಪನಿಯ ಪರದೆಗೆ ಅದು ಒಂದೇ ಕ್ಷಣದಲ್ಲಿ ಹೋಯಿತು. ಸೂಯೆಜ್ ಪಟ್ಟಿಯೂ ಮುಗಿಯಿತೆಂದು ನಮ್ಮ ಮೇಲಧಿಕಾರಿ ದಾಲಿಯಾ ಮೇಡಂ ಇಡೀ ಮಹಡಿಗೆ ಬಸ್ಬೂಸ ಎಂಬ ರವೆಯ ಸಿಹಿ ತರಿಸಿದರು. ನಾನು ಎರಡು ತುಂಡು ತಿಂದೆ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸೂಯೆಜ್‌ನ ನಮ್ಮ ಲಾರಿ ನಿಲ್ದಾಣಕ್ಕೆ ಒಂದು ಪಿಕಪ್ ಗಾಡಿ ಬಂತು. ಒಂಬತ್ತನೇ ಕಟ್ಟಡದ ಬಾಗಿಲಲ್ಲಿ ಕಾದು, ಶಹಾತನ ಬೆನ್ನು ಹಿಡಿದೇ ಬಂದಿದ್ದರು. ಮೂವರು ಇಳಿದರು. ತೊಟ್ಟಿದ್ದ ಉದ್ದ ನಿಲುವಂಗಿ, ಜಲಾಬಿಯದ ಒಳಗಿಂದ ಬಂದೂಕು ತೆಗೆದರು. ಶಹಾತ ಲಾರಿಯ ಅಡಿಯಲ್ಲಿ ಮಲಗಿ ಬ್ರೇಕು ನೋಡುತ್ತಿದ್ದ. ಅವನಿಗೆ ಪಾನಾ ಕೊಡುತ್ತಾ ಪಕ್ಕದಲ್ಲಿ ನಿಂತಿದ್ದವನು ಗಿರ್ಗಿಸ್ ಎಂಬ ಡ್ರೈವರು. ನಿಂತವನನ್ನೇ ಶಹಾತ ಎಂದು ತಿಳಿದು ಹಾರಿಸಿದ ಗುಂಡುಗಳೆಲ್ಲ ಅವನ ಹೊಟ್ಟೆಗೆ ನುಗ್ಗಿದವು. ಟೈರುಗಳು ಸಿಡಿದು ಲಾರಿ ಒಂದು ಕಡೆ ವಾಲಿತು. ಗಿರ್ಗಿಸ್ ಸೀಳಿದ ಚೀಲದಿಂದ ಸುರಿದ ಗೋಧಿಯ ಮೇಲೆ ಕೂತು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ನನ್ನನ್ನಲ್ಲ, ನನ್ನನ್ನಲ್ಲ" ಅನ್ನುತ್ತಲೇ ಇದ್ದನಂತೆ. ಆಂಬುಲೆನ್ಸ್ ಬರುವ ಹೊತ್ತಿಗೆ ಮಾತು ನಿಂತಿತ್ತು. ಗಲಾಟೆಯಲ್ಲಿ ಶಹಾತ ಲಾರಿಯ ಅಡಿಯಿಂದಲೇ ತೆವಳಿ ಹಿಂದಿನ ಗೋಡೆ ಹಾರಿದ್ದ. ಪೊಲೀಸರು ಬಂದು ಇಪ್ಪತ್ತು ಜನರನ್ನು ಕೇಳಿದರು. ಯಾರೂ ಏನೂ ನೋಡಿರಲಿಲ್ಲ.

ನಮ್ಮ ಆಫೀಸಿನಲ್ಲಿ ಇದು ಲಾರಿಯವರ ಜಗಳ ಎಂದು ಮಾತಾಯಿತು. ನಾನೂ ಹಾಗೇ ಅಂದುಕೊಂಡು ಊಟಕ್ಕೆ ಹೋದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜಿ ಬಖೀತ್ ನನ್ನ ಮೇಜಿನ ಮುಂದೆ ನಿಂತಿದ್ದ. ಸಲಾಮೂ ಇಲ್ಲ, ಏನೂ ಇಲ್ಲ. ಕೈಯಲ್ಲಿದ್ದ ದೊಣ್ಣೆ ಎತ್ತಿ ನನ್ನ ಬಾಯಿಗೇ ಬಾರಿಸಿದ. ತುಟಿ ಒಡೆಯಿತು, ಒಂದು ಹಲ್ಲು ಮೇಜಿನ ಮೇಲೆ ಬಿತ್ತು. ಎರಡನೇ ಏಟು ಕಿವಿಗೆ, ಮೂರನೆಯದು ಮೊಣಕೈಗೆ. ನಾನು ಕುರ್ಚಿ ಸಮೇತ ಉರುಳಿದೆ. ನಾಲ್ಕು ಜನ ಹಿಡಿದರೂ ಎಪ್ಪತ್ತರ ಮುದುಕ ಒದೆಯುವುದನ್ನು ಬಿಡಲಿಲ್ಲ.

"ಖಾಲಿ ಬಿಡು ಅಂದಿದ್ದೆ! ಕೆಳನಾಡಿನ ತಾಂತಾ ಊರಿನ ಮಿಠಾಯಿ ತಿಂದು ಬೆಳೆದ ಮಗನ, ಖಾಲಿ ಬಿಡು ಅಂದಿದ್ದಿಲ್ಲೇನು? ಗಿರ್ಗಿಸನ ಕರಳು ನನ್ನ ಕೈಯಾಗ ಬಂದಾವಲೇ!"

"ಹಾಜಿ, ನಾನೇನು ಮಾಡ್ದೆ?"

"ಏನ್ ಮಾಡಿದಿ? ಶಹಾತನ್ನ ಐದೂರಾಗ ಡಂಗುರ ಹೊಡದಿ!"

ಆಮೇಲೆ ನೆಲದ ಮೇಲೇ ಕೂತು, ಉಸಿರು ಬಿಡುತ್ತಾ ಹೇಳಿದ. ಹನ್ನೆರಡು ವರ್ಷದ ಹಿಂದೆ ಶಹಾತನ ಅಣ್ಣ ಕಾಲುವೆ ನೀರಿನ ಜಗಳದಲ್ಲಿ ಹರ್ಬಾವಿ ಮನೆತನದ ಒಬ್ಬನನ್ನು ಗುದ್ದಲಿಯಿಂದ ಕೊಂದ. ಜೈಲಿಗೆ ಹೋಗಿ ಅಲ್ಲೇ ಸತ್ತ.

"ಸತ್ತ ಮೇಲೆ ಮುಗೀತಲ್ಲ?" ಎಂದೆ.

"ಮುಗಿಯೂದೆಲ್ಲಿ ಬಂತು! ಕೊಂದವನ್ನ ಕೊಂದ್ರ ಏನ್ ಬಂತು? ಅವ ಕುಡುಕ, ಅವ ಹೋದ್ರ ಮನಿಗೇನ್ ನಷ್ಟ? ಆ ಮನ್ಯಾಗ ಎಲ್ಲಾರಕಿಂತ ಛಲೋ ಇದ್ದವನ್ನ ಹುಡುಕಿ ಕೊಲ್ತಾರ. ದುಡಿಯಾಂವ, ನಾಕ್ ಮಂದಿ ಮರ್ಯಾದಿ ಕೊಡಾಂವ, ಅವ ಹೋದ್ರ ಮನಿ ಬೀಳಬೇಕು, ಅಂಥಾವ. ನೌವಾರ ಮನ್ಯಾಗ ಅಂಥಾವ ಶಹಾತ ಒಬ್ಬನ ಇದ್ದ. ಹೆಂಡ್ತಿ ಮಗಳನ್ನ ಕರಕೊಂಡು ನನ್ನ ಕಡೆ ಬಂದ. ಹನ್ನೊಂದು ವರ್ಷ ಸೊನ್ನಿ ಬರದು ಬದುಕಿಸೀನಿ."

ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಾನು ಪರದೆ ನೋಡಿದೆ. ಯಾವ ಪುಟವನ್ನು ಯಾರು ತೆರೆದರು ಎಂದು ನಮ್ಮ ಸಾಫ್ಟ್‌ವೇರ್ ಬರೆದಿಡುತ್ತದೆ. ಬದಲಾದ ಹೆಸರುಗಳ ಪಟ್ಟಿ ಪ್ರತಿ ಶಾಖೆಗೂ ತಾನಾಗಿ ಹೋಗುತ್ತದೆ, ಅದನ್ನು ಏರ್ಪಾಡು ಮಾಡಿದವನೂ ನಾನೇ. ಶಹಾತ ನೌವಾರನ ಪುಟವನ್ನು ಭಾನುವಾರ ಮಧ್ಯಾಹ್ನ ಒಬ್ಬನೇ ಹದಿನೇಳು ಸಲ ತೆರೆದಿದ್ದ. ಸೊಹಾಗ್ ಗಿರಣಿಯ ತೂಕದ ಗುಮಾಸ್ತ, ಖಲಾಫ್ ಹರ್ಬಾವಿ.

"ಶಹಾತ ಈಗ ಎಲ್ಲಿದ್ದಾನೆ, ಹಾಜಿ?"

ಅವನು ಎದ್ದು ನಿಂತು ನನ್ನ ಕಾಲ ಬಳಿ ಉಗಿದ. "ಇನ್ನೂ ನಿನಗ ಹೇಳ್ಲೇನು?" ಎಂದು ದೊಣ್ಣೆ ಎತ್ತಿಕೊಂಡು ಸೂಯೆಜ್ ಬಸ್ಸು ಹಿಡಿಯಲು ಹೋದ.

ಒಳ್ಳೆಯವನಾದ ಮೂರ್ಖ ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಬುದ್ಧಿವಂತ ಮೂರ್ಖ. ನನ್ನ ಪಟ್ಟಿಯಿಂದ ಆದದ್ದನ್ನು ನನ್ನ ಪಟ್ಟಿಯಿಂದಲೇ ಸರಿ ಮಾಡುತ್ತೇನೆ ಅಂದುಕೊಂಡೆ. ಖಲಾಫ್ ಆ ಪುಟವನ್ನು ಮತ್ತೆ ತೆರೆಯುತ್ತಾನೆ, ಅದರಲ್ಲಿ ಅನುಮಾನವೇ ಇರಲಿಲ್ಲ. ತೆರೆದಾಗ ಬೇರೆ ವಿಳಾಸ ಕಾಣಲಿ. ಯಾರೂ ಇಲ್ಲದ ಜಾಗಕ್ಕೆ ಆ ಮೂವರು ಹೋಗಲಿ. ಅಲ್ಲಿ ಪೊಲೀಸರು ಕಾದಿರಲಿ.

ಕಂಪನಿಯ ಜಾಗಗಳ ಪುಟವನ್ನು ತೆರೆದೆ. ಫಾಯಿದ್ ಊರಿನ ಹೊರಗೆ, ಕಾಲುವೆ ದಾರಿಯಲ್ಲಿ, ನಮ್ಮದೊಂದು ಹಳೆಯ ಗೋದಾಮು. ಅದರ ಮುಂದೆ "ಮುಚ್ಚಿದೆ, ಖಾಲಿ" ಎಂದು ನಾನೇ ಮಾರ್ಚಿನಲ್ಲಿ ಬರೆದಿದ್ದೆ. ಹತ್ತು ಗಂಟೆಗೆ ಶಹಾತನ ವಿಳಾಸವನ್ನು ಆ ಗೋದಾಮಿಗೆ ಬದಲಿಸಿ ಒಪ್ಪಿಗೆ ಒತ್ತಿದೆ. ಫಾಯಿದ್ ಠಾಣೆಗೆ ಫೋನು ಮಾಡಿದೆ. ಅಧಿಕಾರಿ ಆಕಳಿಸುತ್ತಾ, "ಮಧ್ಯಾಹ್ನದೊಳಗೆ ಇಬ್ಬರನ್ನು ಕಳಿಸ್ತೀನಿ ಬಿಡಿ" ಎಂದ. ಕೆಳಗಿನ ಬೀದಿಯಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡೆ. ನೋವಿನಲ್ಲೂ ನನಗೆ ಒಂಥರಾ ಹೆಮ್ಮೆ ಇತ್ತು. ಮುದುಕನಿಗೆ ಹೇಳಲೇಬೇಕೆಂದು ಹನ್ನೊಂದಕ್ಕೆ ಫೋನು ಹಚ್ಚಿದೆ.

"ಹಾಜಿ, ಬೈಬೇಡಿ, ಮೊದ್ಲು ಕೇಳಿ. ಅವ್ರನ್ನ ದಾರಿ ತಪ್ಪಿಸಿದೀನಿ. ಶಹಾತ ಫಾಯಿದ್ ಗೋದಾಮಲ್ಲಿದ್ದಾನೆ ಅಂತ ಪಟ್ಟೀಲಿ ಹಾಕಿದೀನಿ. ಅಲ್ಲಿ ನರಪಿಳ್ಳೆ ಇಲ್ಲ. ಪೊಲೀಸ್ರೂ ಬರ್ತಾರೆ."

ಬಸ್ಸಿನ ಸದ್ದು ಕೇಳುತ್ತಿತ್ತು.

"ಹಾಜಿ?"

"ಎಲ್ಲಾರೂ ಅಲ್ಲೇ ಅದಾರಲೇ," ಎಂದ. "ಅವ, ಹೆಂಡ್ತಿ, ಮಗಳು. ನಿನ್ನೆ ನಾನ ಬಿಟ್ಟು ಬಂದೀನಿ. ಅವರ ಫೋನೂ ನಾನ ಮುರದು ಒಗದೀನಿ. ಓಡಲೇ, ಓಡು!"

ಖಾಲಿ ಜಾಗ ಬೇಕಾಗಿದ್ದು ನನಗೊಬ್ಬನಿಗೇ ಅಲ್ಲ. ಅದೇ ಪುಟದ ಕೆಳಗೆ, ಕೀಲಿಕೈ ಸೂಯೆಜ್ ಆಫೀಸಿನ ಬಖೀತ್ ಹತ್ತಿರ ಎಂದು ಬರೆದಿತ್ತು. ನಾನು ಓದಿದ್ದೆ. ತಲೆಗೆ ಹೋಗಿರಲಿಲ್ಲ. ವಿಳಾಸ ಅಳಿಸಿದೆ. ಅಷ್ಟರಲ್ಲಿ ಆ ಪುಟವನ್ನು ಖಲಾಫ್ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ತೆರೆದಾಗಿತ್ತು. ಈ ಸಲ ಒಂದೇ ಸಲ ತೆರೆದಿದ್ದ.

ಕಾರು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಠಾಣೆಗೆ ಮೂರು ಸಲ ಫೋನು ಮಾಡಿದೆ. ಹುಡುಗರು ಹೊರಟಿದ್ದಾರೆ, ಹೊರಟಿದ್ದಾರೆ ಅಂದರು. ಅವರು ಬಂದದ್ದು ಸಂಜೆ ನಾಲ್ಕಕ್ಕೆ.

ಹನ್ನೆರಡೂವರೆಗೆ ಗೋದಾಮು ತಲುಪಿದಾಗ ಗೇಟು ಕಿತ್ತು ಬಿದ್ದಿತ್ತು, ಅಂಗಳದಲ್ಲಿ ಪಿಕಪ್ ನಿಂತಿತ್ತು. ಬಾಗಿಲ ಮುಂದೆ ಮೂವರು. ಒಳಗಿಂದ ಒಬ್ಬ ಗಂಡಸು ನಡೆದು ಬಂದ. ದಪ್ಪ ಮೀಸೆ, ಮೊಣಕೈವರೆಗೆ ಮಡಚಿದ ತೋಳು, ಬರಿಗೈ. ಅವನೇ ಶಹಾತ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಪಟ್ಟಿಯಲ್ಲಿ ಮುಖ ಇರುವುದಿಲ್ಲ.

"ಹೆಂಗಸರ ಮುಂದ ಬ್ಯಾಡ," ಎಂದ. "ಅಲ್ಲಿ ಗೋಡಿ ಕಡೆ ಬರ್ತೀನಿ, ನಡೀರಿ."

"ನಿಲ್ಸಿ! ನಿಲ್ಸಿ!" ಎಂದು ಕೂಗುತ್ತಾ ಓಡಿದೆ. "ವಿಳಾಸ ಸುಳ್ಳು, ನಾನೇ ಹಾಕಿದ್ದು!" ಎದುರಿಗೆ ಮನುಷ್ಯ ನಿಂತಿದ್ದಾನೆ, ವಿಳಾಸ ಸುಳ್ಳು ಅನ್ನುತ್ತಿದ್ದೇನೆ. ಒಬ್ಬ ತಿರುಗಿ ಬಂದೂಕಿನ ಹಿಂಭಾಗದಿಂದ ನನ್ನ ದವಡೆಗೆ ಗುದ್ದಿದ. ಹೊಲಿಗೆ ಬಿಚ್ಚಿಕೊಂಡಿತು, ಮಂಡಿಯೂರಿ ಬಿದ್ದೆ. ಇನ್ನಿಬ್ಬರು ಗೋಡೆಯ ತನಕ ಕಾಯಲಿಲ್ಲ. ಮೊದಲ ಗುಂಡು ತೊಡೆಗೆ ಬಿತ್ತು, ಶಹಾತ ಕುಂಟಿದ, ಬೀಳಲಿಲ್ಲ. ಎರಡನೆಯದು ಭುಜಕ್ಕೆ. ಮೂರನೆಯದಕ್ಕೆ ಕುಸಿದು, ಮತ್ತೆ ಕೈಯೂರಿ ಏಳಲು ನೋಡಿದ. ಹತ್ತಿರ ಹೋಗಿ, ಬೆನ್ನ ಮೇಲೆ ಕಾಲಿಟ್ಟು, ಕುತ್ತಿಗೆಗೆ ಗುಂಡು ಹೊಡೆದರು. ಹೊಡೆದ ಮೇಲೂ ಹೊಡೆದರು. ಸಿಡಿದ ಕಲ್ಲಿನ ಚೂರು ನನ್ನ ಹಣೆಗೆ ಬಡಿಯಿತು. ಬಾಗಿಲಲ್ಲಿ ಹೆಂಗಸಿನ ಕೂಗು ಎದ್ದಿತು, ನಿಂತೂಹೋಯಿತು.

ನನ್ನನ್ನು ಗುದ್ದಿದವನು ಬಗ್ಗಿ ನನ್ನ ಮುಖ ನೋಡಿದ. "ಪಟ್ಟಿ ಬರ್ಯಾಂವ ನೀನ ಏನು?" ಎಂದ. "ಭಾರಿ ಪಟ್ಟಿ ಐತಿ ಬಿಡಪಾ. ಎರಡ್ ಸಲ ನೋಡಿದ್ವಿ, ಎರಡ್ ಸಲಾನೂ ಖರೇನ ಇತ್ತು."

ಮೂವರೂ ಗಾಡಿ ಹತ್ತಿ, ಮದುವೆ ದಿಬ್ಬಣದಂತೆ ಹಾರನ್ ಒತ್ತುತ್ತಾ ಹೋದರು. ಹೆಂಗಸರನ್ನು ಮುಟ್ಟಲಿಲ್ಲ. ಅದು ಅವರ ಮರ್ಯಾದೆಯಂತೆ.

ಶಹಾತನ ಹೆಂಡತಿ ಗಮಾಲಾತ್ ಹೊರಗೆ ಬಂದಳು. ಹಿಂದೆ ಮಗಳು ರಾವ್ಯ, ಕಾಲೇಜು ಓದುವ ವಯಸ್ಸಿನ ಹುಡುಗಿ. ಗಮಾಲಾತ್ ಗಂಡನನ್ನು ಅಂಗಾತ ಮಲಗಿಸಿ, ಮುಖದ ಮಣ್ಣನ್ನು ತನ್ನ ಕರಿ ತಲೆವಸ್ತ್ರದಿಂದ ಒರೆಸಿದಳು. ಒರೆಸಿದಷ್ಟೂ ರಕ್ತ ಬರುತ್ತಿತ್ತು. ಅವಳು ಅಳಲಿಲ್ಲ. ನಾನು ಅಳುತ್ತಿದ್ದೆ. ತೆವಳಿಕೊಂಡು ಹತ್ತಿರ ಹೋಗಿ, ಬಾಯಿ ತುಂಬ ರಕ್ತ ಇಟ್ಟುಕೊಂಡು, ಎಲ್ಲ ಹೇಳಿದೆ. ಸೊನ್ನೆ ಅಳಿಸಿದ್ದು, ಕೂಡಿಸಿದ್ದು, ಗೋದಾಮಿನ ವಿಳಾಸ ಹಾಕಿದ್ದು. ಒಳ್ಳೆಯದಕ್ಕೇ ಮಾಡಿದೆ ತಾಯಿ, ದೇವರಾಣೆ ಎಂದೆ. ನಿಮ್ಮ ದುಃಖ ನನ್ನ ದುಃಖ ಎಂದೆ.

"ದುಃಖದ ಮಾತು ಬ್ಯಾಡ," ಎಂದಳು. "ನಾವು ಈಗ ಅದನ್ನ ತಗೊಳಂಗಿಲ್ಲ. ಹೆಸರೇನು ನಿಂದು?"

"ವಗ್ದಿ."

"ಬರೇ ವಗ್ದಿ ಅಂದ್ರ? ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಹೇಳು."

ಹೇಳಿದೆ.

"ಮನಿ ಎಲ್ಲೈತಿ?"

ಕೈರೋ, ಶುಬ್ರಾ ಎಂದೆ. ಬೀದಿ, ಕಟ್ಟಡ, ಮಹಡಿ, ಎಲ್ಲ ಹೇಳಿದೆ. ದಾವೆ ಹಾಕುವುದಕ್ಕೋ, ಸಾಕ್ಷಿಗೆ ಕರೆಸುವುದಕ್ಕೋ ಕೇಳುತ್ತಿದ್ದಾಳೆ ಅಂದುಕೊಂಡೆ. ಏನು ಕೇಳಿದರೂ ಹೇಳಬೇಕು, ಅಷ್ಟಾದರೂ ಮಾಡಬೇಕು ಅನ್ನಿಸಿತ್ತು.

"ಅಣ್ಣತಮ್ಮಂದಿರು?"

"ಒಬ್ಬ ಅಣ್ಣ ಇದ್ದಾನೆ."

"ಏನ್ ಮಾಡ್ತಾನ?"

"ಮಕ್ಕಳ ಡಾಕ್ಟರು, ತಾಯಿ. ಬಡವರ ಹತ್ರ ಫೀಸೇ ತಗೊಳಲ್ಲ. ಇಡೀ ಬೀದಿ ಅವನನ್ನ ತಲೆ ಮೇಲೆ ಹೊತ್ಕೊಂಡು..."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ನನಗೆ ತಿಳಿಯಿತು, ಸೇಡು ತೀರುವ ತನಕ ಮೇಲುನಾಡಿನವರು ದುಃಖದ ಮಾತು ತೆಗೆದುಕೊಳ್ಳುವುದಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು, ಮೇಲಿಂದ ಕೆಳಗೆ, ಕೆಟ್ಟ ಗೋಧಿ ನೋಡಿದ ಹಾಗೆ. ನನ್ನನ್ನು ಕೊಂದರೆ ಯಾರ ಮನೆಯೂ ಬೀಳುವುದಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಾಗಿತ್ತು.

"ಇಲ್ಲ, ಇಲ್ಲ, ನಾನು ಹೇಳಿದ್ದು ಸುಳ್ಳು," ಎಂದೆ. "ಅಣ್ಣ ಇಲ್ಲ. ನಾನೊಬ್ಬನೇ. ನನ್ನನ್ನೇ..."

"ರಾವ್ಯ," ಎಂದು ಅವಳು ಮಗಳ ಕಡೆ ತಿರುಗಿದಳು. "ಡಾಕ್ಟರು ಅಂದ. ಬರ್ಕೊಂಡ್ಯಾ?"

"ಬರ್ಕೊಂಡೆ ಅವ್ವ," ಎಂದಳು ಹುಡುಗಿ.

ಇದಾಗಿ ಏಳು ತಿಂಗಳಾಯಿತು. ನಾನು ಕೆಲಸ ಬಿಟ್ಟಿದ್ದೇನೆ. ಅಣ್ಣ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದೇ ಬೀದಿಯಲ್ಲಿ, ಸಿಕ್ಕಿದವರಿಗೆಲ್ಲ ಸಲಾಂ ಹೇಳುತ್ತಾ, ಕ್ಲಿನಿಕ್ಕಿಗೆ ನಡೆದು ಹೋಗುತ್ತಾನೆ. ನಾನು ಇಪ್ಪತ್ತು ಹೆಜ್ಜೆ ಹಿಂದೆ ಹೋಗುತ್ತೇನೆ. ಯಾಕೋ ಹೀಗೆ ನನ್ನ ಬೆನ್ನು ಹತ್ತಿದ್ದೀಯ ಎಂದು ಅವನು ನಗುತ್ತಾನೆ. ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.